ಡೈಕ್ರೊಯಿಕ್ ಫಿಲ್ಟರ್ ಎಷ್ಟು ಬೆಳಕು ತಿನ್ನುತ್ತದೆ? ಎರಡು ಟಿ.ಟಿ. ಚೆಂಡಿನಲ್ಲಿ ಅಳೆದ ನನ್ನ ಅನುಭವ

ಶೋಗೆ ಕಟ್ಟಿದ ಲೇಸರ್ ಪೆಟ್ಟಿಗೆಯ ಒಳಗೆ 3 ವಾಟ್ ಕೆಂಪು ಇದೆ, ಹೊರಗೆ ಬರುವಾಗ ಅಷ್ಟಿಲ್ಲ. ಬಿಳಿ ಬೀಮ್ ನೀಲಿ ಹೊಡೆಯುತ್ತದೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಲೇಸರ್ ಕಟ್ಟುವವರಿಗೆಲ್ಲ ಇದು ಗೊತ್ತು. ಡೈಕ್ರೊಯಿಕ್ ಫಿಲ್ಟರ್ ಅಂದ್ರೆ ಒಂದು ಬಣ್ಣವನ್ನು ದಾಟಿಸಿ ಇನ್ನೊಂದನ್ನು ಕನ್ನಡಿಯ ಹಾಗೆ ತಿರುಗಿಸುವ ಗಾಜು, ಮೂರೂ ಬಣ್ಣ ಒಂದೇ ಬೀಮ್ ಆಗುವುದು ಅದರಿಂದಲೇ. "ಡೈಕ್ರೊದಲ್ಲಿ ಸ್ವಲ್ಪ ಹೋಗ್ತದೆ ಬಿಡು" ಅಂತಾರೆ. ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿದರೆ ಯಾರ ಬಾಯಲ್ಲೂ ಲೆಕ್ಕ ಇಲ್ಲ.

ನಮ್ಮ ಕಾಸರಗೋಡು ಕಡೆ ಪತ್ತನಾಜೆ (ಮಳೆಗಾಲಕ್ಕೆ ಮೊದಲು ಸೀಸನ್ ಮುಗಿಯುವ ದಿನ) ಕಳೆದರೆ ಜಾತ್ರೆ, ಯಕ್ಷಗಾನದ ಆಟ ಎಲ್ಲ ಬಂದ್. ಆ ಮಳೆಗಾಲದಲ್ಲೇ ಇದಕ್ಕೆ ಕೂತೆ.

ಮೊದಲು ಸೆಕೆಂಡ್‌ಹ್ಯಾಂಡ್ ಥರ್ಮಲ್ ಪವರ್ ಮೀಟರ್ (ಬೆಳಕಿನ ಬಿಸಿ ನೋಡಿ ವಾಟ್ ಹೇಳುವುದು) ತಗೊಂಡೆ. ಸುಮಾರು 20 ಸಾವಿರ ಹೋಯಿತು. ವಾಟ್ ನೋಡಲು ಒಳ್ಳೆಯದೇ. ಆದರೆ ನಾನು ಹುಡುಕುತ್ತಿದ್ದದ್ದು ನೂರಕ್ಕೆ ಎರಡು ಮೂರರ ವ್ಯತ್ಯಾಸ. ಫ್ಯಾನ್ ಹಾಕಿದರೆ ಅಷ್ಟು ಸುಮ್ನೆ ಅಲ್ಲಾಡುತ್ತದೆ. ಫ್ಯಾನ್ ಆಫ್ ಮಾಡಿದರೆ ಲೇಸರ್ ಡಯೋಡ್ ಬಿಸಿಯಾಗಿ ಕೆಂಪು ಇಳಿಯುತ್ತದೆ. 638 ನ್ಯಾನೊಮೀಟರಿನ ಕೆಂಪು ಸೆಕೆಗೆ ಎಷ್ಟು ಬೇಗ ಸೋಲುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಗಾರ್ಡನ್ ಲೈಟಿನ ಸೋಲಾರ್ ಸೆಲ್‌ಗೆ ಮಲ್ಟಿಮೀಟರ್ ಕೊಟ್ಟು ನೋಡಿದೆ. ಫಿಲ್ಟರ್ ಇಟ್ಟಾಗ ಕೆಲವು ಸಲ ಬೆಳಕು ಜಾಸ್ತಿ ತೋರಿಸಿತು! ಕಾರಣ ಆಮೇಲೆ ಸಿಕ್ಕಿತು. 1 ಎಂಎಂ ಗಾಜನ್ನು 45 ಡಿಗ್ರಿಯಲ್ಲಿ ಇಟ್ಟರೆ ಬೀಮ್ ಸುಮಾರು 0.3 ಎಂಎಂ ಪಕ್ಕಕ್ಕೆ ಸರಿಯುತ್ತದೆ. ಸೆಲ್ ಮೇಲಿನ ಬೆಳ್ಳಿಗೆರೆಯಿಂದ ಬೀಮ್ ಆಚೆ ಸರಿದರೆ ರೀಡಿಂಗ್ ಏರುತ್ತದೆ, ಗೆರೆ ಮೇಲೆ ಬಿದ್ದರೆ ಇಳಿಯುತ್ತದೆ. ನಾನು ಅಳೆಯುತ್ತಿದ್ದದ್ದು ಫಿಲ್ಟರನ್ನಲ್ಲ, ಗೆರೆಯನ್ನು.

ಹಾಗಾಗಿ ಟಿ.ಟಿ. ಚೆಂಡು. ಬೆಳಕು ಒಳಗೆ ಹೊಕ್ಕಿ ಎಲ್ಲ ಕಡೆ ಹರಡುತ್ತದೆ, ಬೀಮ್ ಸ್ವಲ್ಪ ಸರಿದರೂ ಚಿಂತೆಯಿಲ್ಲ. ಪಕ್ಕದಲ್ಲಿ ಸಣ್ಣ ತೂತು ಮಾಡಿ ಬಿಪಿಡಬ್ಲ್ಯೂ34 ಫೋಟೊಡಯೋಡ್ (ಬೆಳಕು ಬಿದ್ದಷ್ಟು ಕರೆಂಟ್ ಕೊಡುವ ಬಿಡಿಭಾಗ) ಕೂರಿಸಿದೆ. 9 ವೋಲ್ಟ್ ಬ್ಯಾಟರಿ, ರಿವರ್ಸ್ ಬಯಸ್ (ಬ್ಯಾಟರಿ ಉಲ್ಟಾ ಜೋಡಣೆ), 1 ಕಿಲೊ ಓಮ್ ರೆಸಿಸ್ಟರ್, ಅಷ್ಟೆ. ಹಳೇ ಸೆಲ್ಯುಲಾಯ್ಡ್ ಚೆಂಡು ಬೇಡ, ಪಕ್ಕನೆ ಬೆಂಕಿ ಹಿಡಿಯುತ್ತದೆ. 2014ರಿಂದ ಬಂದ ಪ್ಲಾಸ್ಟಿಕ್ ಚೆಂಡು ಸಾಕು. ಒಳಗೆ ಬಳಿದದ್ದರಲ್ಲಿ ಬೇರಿಯಂ ಸಲ್ಫೇಟ್ ಇದೆ. ಉಳಿದದ್ದು ಹೇಳುವುದಿಲ್ಲ, ಅದಕ್ಕೇ ಒಂದು ತಿಂಗಳು ಹೋಗಿದೆ.

ಚೆಂಡು ಒಂದಲ್ಲ, ಎರಡು ಬೇಕು. ಲೇಸರ್ ಡಯೋಡನ್ನು ಶೋದಲ್ಲಿ ಓಡಿಸುವ ಕರೆಂಟಿನಲ್ಲೇ ಓಡಿಸಿ. ಕಡಿಮೆ ಮಾಡಿದರೆ ನ್ಯಾನೊಮೀಟರೂ, ಅಂದ್ರೆ ಬಣ್ಣವೂ, ಸರಿಯುತ್ತದೆ. ಫಿಲ್ಟರಿಗೆ ಮೊದಲು ಒಂದು ಮೈಕ್ರೊಸ್ಕೋಪ್ ಸ್ಲೈಡ್, ಅದರಿಂದ ಬಂದ ಚೂರು ಬೆಳಕು ಮೊದಲ ಚೆಂಡಿಗೆ. ಫಿಲ್ಟರ್ ಆದ ಮೇಲೆ ಇನ್ನೊಂದು ಸ್ಲೈಡ್, ಅದರದ್ದು ಎರಡನೇ ಚೆಂಡಿಗೆ. ಉಳಿದದ್ದು ಕಪ್ಪು ಹೀಟ್‌ಸಿಂಕ್‌ಗೆ. ಸ್ಲೈಡನ್ನು 45ರಲ್ಲಿ ಇಡಬೇಡಿ, ಪೋಲರೈಸೇಶನ್ (ಬೆಳಕು ಅಲುಗುವ ದಿಕ್ಕು) ಕೈಕೊಡುತ್ತದೆ. ಸ್ವಲ್ಪವೇ ಓರೆ ಮಾಡಿ. ಎರಡನೇ ಚೆಂಡಿನ ರೀಡಿಂಗನ್ನು ಮೊದಲನೆಯದರಿಂದ ಭಾಗಿಸಿ. ಫಿಲ್ಟರ್ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿ. ಡಯೋಡ್ ಎಷ್ಟೇ ಕುಣಿದರೂ ಭಾಗಾಕಾರ ಅಲ್ಲಾಡುವುದಿಲ್ಲ. ನನಗೆ ಅರ್ಧ ಪರ್ಸೆಂಟ್ ಒಳಗೆ ನಿಂತಿತು. ಲೇಸರ್ ತಡೆಯುವ ಕನ್ನಡಕ ಹಾಕಿಯೇ ಮಾಡಿ.

"ಎಂತ ಮಾರಾಯಾ, ಚೆಂಡಲ್ಲಿ ಲೇಸರ್ ಅಳೆಯುದಾ?" ಅಂತ ಮಂಗಳೂರಿನ ಒಬ್ಬ ಗೆಳೆಯ ಬಿದ್ದು ಬಿದ್ದು ನಕ್ಕಿದ್ದ. ಅವನದ್ದು ಲಕ್ಷ ರೂಪಾಯಿಯ ಮೀಟರ್. ಒಂದೇ ಫಿಲ್ಟರನ್ನು ಎರಡರಲ್ಲೂ ನೋಡಿದೆವು, ಲೆಕ್ಕ ಹೆಚ್ಚುಕಡಿಮೆ ಒಂದೇ ಬಂತು. ನನ್ನ ಸಾಮಾನಿಗೆ ಮಲ್ಟಿಮೀಟರ್ ಬಿಟ್ಟು ಸಾವಿರವೂ ಆಗಿಲ್ಲ. ಈಗ ಅವನೇ ಚೆಂಡು ಕೇಳುತ್ತಿದ್ದಾನೆ.

ಸಿಕ್ಕಿದ್ದೇನು? ಎರಡೂ ಕಡೆ ಕೋಟಿಂಗ್ ಇದೆ ಅಂತ ಮಾರಿದ್ದ ಫಿಲ್ಟರಿನ ಹಿಂಬದಿ ಬರೀ ಗಾಜು. ಕೆಂಪು ಎಸ್ ಪೋಲರೈಸೇಶನ್‌ನಲ್ಲಿ (ಅಲುಗಾಟ ಗಾಜಿನ ಮೈಗೆ ಸಮಾನಾಂತರ) ಹೋದರೆ ಒಂದು ಫಿಲ್ಟರಿಗೇ 10, 11 ಪರ್ಸೆಂಟ್ ನಷ್ಟ. ಡಯೋಡ್ 90 ಡಿಗ್ರಿ ತಿರುಗಿಸಿ ಪಿ (ಎಸ್‌ಗೆ ಅಡ್ಡ ದಿಕ್ಕು) ಮಾಡಿದರೆ ಎರಡರ ಹತ್ತಿರ. ಬರೀ ಗಾಜಿನ ಒಂದು ಮೈ 45 ಡಿಗ್ರಿಯಲ್ಲಿ ಎಸ್‌ಗೆ ಸುಮಾರು 9, ಪಿಗೆ ಸುಮಾರು 1 ಪರ್ಸೆಂಟ್ ವಾಪಸ್ ಹೊಡೆಯುತ್ತದಲ್ವಾ, ಲೆಕ್ಕ ಕೂಡಿ ಬಂತು. ಕೆಂಪು ಎರಡು ಫಿಲ್ಟರ್ ದಾಟಬೇಕು. ಅಂದ್ರೆ 3 ವಾಟಿನಲ್ಲಿ ಸುಮಾರು ಅರ್ಧ ವಾಟ್ ಪುಕ್ಕಟೆ ಸಿಕ್ಕಿತು. ಡಯೋಡ್ ತಿರುಗಿಸಿದಾಗ ಬೀಮಿನ ಪಟ್ಟಿಯೂ ಅಡ್ಡವಾಗುತ್ತದೆ. ಅದನ್ನು ಉಳಿದ ಎರಡು ಬಣ್ಣಕ್ಕೆ ಹೇಗೆ ಹೊಂದಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಆ ಸಲ ಕುಂಬಳೆ ಬೆಡಿಗೆ (ಜಾತ್ರೆಯ ಸಿಡಿಮದ್ದಿಗೆ) ಬಂದವರೊಬ್ಬರು ಪೆಟ್ಟಿಗೆಯ ಬಿಳಿ ನೋಡಿ, ಹೊಸತಾ ಅಂತ ಕೇಳಿದರು.

ಫಿಲ್ಟರನ್ನು ಎರಡು ಮೂರು ಡಿಗ್ರಿ ಓರೆ ಮಾಡಿಯೂ ನೋಡಿದೆ. ಓರೆ ಜಾಸ್ತಿಯಾದಂತೆ ಎಡ್ಜ್ (ದಾಟಿಸುವ, ತಿರುಗಿಸುವ ಬಣ್ಣಗಳ ನಡುವಿನ ಗಡಿ) ನೀಲಿ ಕಡೆ ಸರಿಯುತ್ತದೆ. 520ರ ಹಸಿರು ಸೋರುತ್ತಿದ್ದ ಒಂದು ಅಗ್ಗದ ಫಿಲ್ಟರ್ ಹೀಗೆ ಬದುಕಿತು. ಎಲ್ಲ ಫಿಲ್ಟರಿಗೂ ಇದು ನಡೆಯಲಿಲ್ಲ.

ಇನ್ನೊಂದು, ಫಾಗ್ ಮೆಶಿನಿನ ಜಿಡ್ಡು. ಜಾತ್ರೆ ಸೀಸನ್ ಮುಗಿಸಿ ಬಂದ ಫಿಲ್ಟರನ್ನು ಹಾಗೇ ಅಳೆದೆ, 5 ಪರ್ಸೆಂಟ್ ಚಿಲ್ಲರೆ ನಷ್ಟ. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿದ ಲೆನ್ಸ್ ಟಿಶ್ಯೂ ಒಂದೇ ಸಲ ಎಳೆದೆ, ಎರಡಕ್ಕೆ ಇಳಿಯಿತು. ಈಗ ಎರಡು ಮೂರು ಕಾರ್ಯಕ್ರಮಕ್ಕೊಮ್ಮೆ ಒರೆಸುತ್ತೇನೆ. ಫಾಗ್ ಮೆಶಿನನ್ನು ಪೆಟ್ಟಿಗೆಯ ಹತ್ತಿರ ಇಡಲು ಹುಡುಗರಿಗೆ ಬಿಡುವುದಿಲ್ಲ.