ಮಗ್ಗದ ಸದ್ದಿನಲ್ಲಿ ಕಿವಿ ಉಳಿಸಿಕೊಳ್ಳುವ ಬಗೆ

ದೊಡ್ಡಬಳ್ಳಾಪುರದ ಕಡೆ ಎಷ್ಟೋ ವಿದ್ಯುತ್ ಮಗ್ಗಗಳು ಮನೆಗೇ ಅಂಟಿಕೊಂಡಿವೆ. ಲಾಳಿ ತುದಿ ಮುಟ್ಟಿದಾಗಲೆಲ್ಲ ಒಂದು ಏಟು. ಹಲವು ಮಗ್ಗ ಒಟ್ಟಿಗೆ ಓಡಿದರೆ ಸದ್ದು 90 ಡೆಸಿಬೆಲ್ (ಸದ್ದಿನ ಅಳತೆ) ದಾಟುತ್ತದೆ, 100ರ ಹತ್ತಿರವೂ ಹೋಗುತ್ತದೆ.

ಮೊದಲು ಅಳೆಯಿರಿ. ಕೈಯಳತೆಯಲ್ಲಿ ನಿಂತವರ ಜತೆ ಕೂಗಿ ಮಾತಾಡಬೇಕಾದರೆ ಸದ್ದು 85 ದಾಟಿದೆ ಎಂದೇ ತಿಳಿಯಿರಿ. ಮೊಬೈಲ್ ಆ್ಯಪ್ ಆದರೆ ನೇಕಾರರು ನಿಲ್ಲುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಹಿಡಿದು ಒಂದು ನಿಮಿಷ ನೋಡಿ. ಅದು ಅಂದಾಜು ಮಾತ್ರ.

ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯೋಷ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ: 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಗೆ 90ರ ತನಕ ಬಿಡುತ್ತವೆ. ಕಿವಿಗೆ ಅದು ಹೆಚ್ಚೇ.

ಒಳಕಿವಿಯ ಶಂಖದಲ್ಲಿರುವ ಸುಮಾರು 15,000 ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಸುತ್ತಲಿನ ಕೀಚಲು ದನಿಗಳಿಗೆ. ಹಾಗಾಗಿ ‘ಸಾಲು’, ‘ಕಾಲು’, ‘ಹಾಲು’ ಒಂದೇ ಥರ ಕೇಳಿಸತೊಡಗುತ್ತವೆ. ಮಾತು ಕೇಳುತ್ತದೆ, ಏನಂದರೆಂದು ಗೊತ್ತಾಗುವುದಿಲ್ಲ. ಪಾಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು ಮೊದಲ ಎಚ್ಚರಿಕೆ. ಸದ್ದು ಕಿವಿಗಷ್ಟೇ ನಿಲ್ಲುವುದೂ ಇಲ್ಲ: ಒತ್ತಡದ ಹಾರ್ಮೋನುಗಳು ಏರುತ್ತವೆ, ನಿದ್ದೆ ಕೆಡುತ್ತದೆ, ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡದ ಅಪಾಯ ಹೆಚ್ಚುತ್ತದೆ. ಪಕ್ಕದ ಕೋಣೆಯಲ್ಲಿ ಮಲಗುವ ಮಕ್ಕಳ ನಿದ್ದೆಯೂ ಹಾಳು.

ಕಿವಿಗೆ ಹತ್ತಿ ತುರುಕಿದರೆ ಏನೂ ಸಾಲದು. ಫೋಮ್ ಇಯರ್‌ಪ್ಲಗ್ ತನ್ನಿ. ಕೈ ತೊಳೆದು, ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗಿಟ್ಟು, ಉಬ್ಬುವವರೆಗೆ 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಿರಿ. ಎದುರಿಗೆ ನಿಂತವರಿಗೆ ಪ್ಲಗ್ ಹೊರಚಾಚಿ ಕಂಡರೆ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹಾಕಿ.

ಸದ್ದು ಎಷ್ಟು ಡೆಸಿಬೆಲ್ ತಗ್ಗುತ್ತದೆಂದು ಹೇಳುವ, ಪೊಟ್ಟಣದ ಮೇಲಿನ ಎನ್‌ಆರ್‌ಆರ್ ಅಂಕಿ ಪೂರ್ತಿ ದಕ್ಕುವುದಿಲ್ಲ. ಅದರಲ್ಲಿ 7 ಕಳೆದು ಅರ್ಧ ಮಾಡಿ: 29 ಇದ್ದರೆ 11. ಅಂದರೆ 100ರ ಸದ್ದು 89ಕ್ಕಷ್ಟೇ ಇಳಿಯಿತು. ಮೇಲೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಹಾಕಿದರೆ ಸುಮಾರು 5 ಕಡಿಮೆಯಾಗಿ 84 ಆಗುತ್ತದೆ. ಮಾತಾಡಲೆಂದು ಅರ್ಧ ಗಂಟೆ ಎರಡನ್ನೂ ತೆಗೆದಿಟ್ಟರೆ ದಿನದ ಮಿತಿಯ ಎರಡರಷ್ಟು ಸದ್ದು ಅಷ್ಟರಲ್ಲೇ ಒಳಹೊಕ್ಕಿರುತ್ತದೆ. ಮಾತಿದ್ದರೆ ಹೊರಗೆ ಹೋಗಿ ಆಡಿ.

ಮಗ್ಗದ ಕಡೆಯೂ ನೋಡಿ: ಲಾಳಿಯನ್ನು ಹೊಡೆದು ತಳ್ಳುವ ಪಿಕ್ಕರ್ ಸವೆದಿದ್ದರೆ ಬದಲಿಸಿ, ಸಡಿಲ ಬೋಲ್ಟ್ ಬಿಗಿ ಮಾಡಿ, ಮಗ್ಗದ ಕಾಲಡಿಗೆ ರಬ್ಬರ್ ಪ್ಯಾಡ್ ಕೊಡಿ.

ವರ್ಷಕ್ಕೊಮ್ಮೆ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆಂಬ ಪರೀಕ್ಷೆ) ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಇದೆ. ಅದಕ್ಕೆ ಮೊದಲು 14 ಗಂಟೆ ಮಗ್ಗದ ಹತ್ತಿರ ಹೋಗಬೇಡಿ, ಇಲ್ಲದಿದ್ದರೆ ತಾತ್ಕಾಲಿಕ ಮಂದವೂ ಲೆಕ್ಕಕ್ಕೆ ಸೇರುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಮಾತ್ರ ಕಾಯಬೇಡಿ, ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ.