ಫಿಟ್ಸ್ ಔಷಧಿ: ವೈದ್ಯರ ಚೀಟಿಯಿಂದ ಮಗುವಿನ ಬಾಯಿಯವರೆಗೆ

ಔಷಧಿ ಕುಡಿಸುತ್ತಿದ್ದರೂ ಮಗುವಿಗೆ ಮತ್ತೆ ಫಿಟ್ಸ್ ಬಂದರೆ ‘ಈ ಔಷಧಿ ಹಿಡಿಸಲಿಲ್ಲ, ಬೇರೆ ಬರೆಸಿಕೊಳ್ಳೋಣ’ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಬೇರೆ ಔಷಧಿ ಕೇಳುವ ಮೊದಲು ಬಾಟಲಿ, ಚಮಚ, ಗಡಿಯಾರ ಈ ಮೂರನ್ನೂ ಪರೀಕ್ಷಿಸಿ. ಮೂರ್ಛೆರೋಗದ ಔಷಧಿ ಕೆಲಸ ಮಾಡಬೇಕಾದರೆ ಮಗುವಿನ ತೂಕಕ್ಕೆ ತಕ್ಕಷ್ಟು ಮಿಲಿಗ್ರಾಂ ಪ್ರತಿದಿನ, ಪ್ರತಿ ಹೊತ್ತು ಹೊಟ್ಟೆಗೆ ಸೇರಬೇಕು. ಆ ಲೆಕ್ಕ ಮನೆಯಲ್ಲೇ ತಪ್ಪಿದರೆ ಎಷ್ಟು ಒಳ್ಳೆಯ ಔಷಧಿಯೂ ಸೋತಂತೆ ಕಾಣುತ್ತದೆ.

ಮೊದಲು: ಯಾವ ಫಿಟ್ಸ್‌ಗೆ ಯಾವ ಔಷಧಿ

ಎಲ್ಲ ಫಿಟ್ಸ್‌ಗೂ ಒಂದೇ ಔಷಧಿ ನಡೆಯುವುದಿಲ್ಲ. ಮಿದುಳಿನ ಒಂದು ಭಾಗದಿಂದ ಶುರುವಾಗಿ ಒಂದು ಕೈ, ಒಂದು ಕಾಲು ಅಥವಾ ಬಾಯಿಯ ಒಂದು ಪಕ್ಕ ಅದುರುವ ಫಿಟ್ಸ್‌ಗೆ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಅಥವಾ ಲೆವೆಟಿರಾಸಿಟಾಮ್ ಕೊಡುವುದು ರೂಢಿ. ಓದುತ್ತಲೋ ಉಣ್ಣುತ್ತಲೋ ಇದ್ದ ಮಗು ಕೆಲವು ಸೆಕೆಂಡ್ ದಿಟ್ಟಿಸಿ ನಿಂತು, ಏನೂ ಆಗದಂತೆ ಮತ್ತೆ ಮುಂದುವರಿಸುವ ‘ಅಬ್ಸೆನ್ಸ್’ ಬಗೆಗೆ ಎಥೊಸಕ್ಸಿಮೈಡ್ ಅಥವಾ ವಾಲ್‌ಪ್ರೋಯೇಟ್ ಬೇಕು. ಇಂಥ ಮಗುವಿಗೆ ಕಾರ್ಬಮಜೆಪಿನ್ ಕೊಟ್ಟರೆ ಫಿಟ್ಸ್ ಹೆಚ್ಚಾಗಬಹುದು. ಬೆಳಿಗ್ಗೆ ಎದ್ದೊಡನೆ ಕೈ ಝಾಡಿಸಿ ಲೋಟ, ಬ್ರಷ್ ಬೀಳಿಸುವ ಹದಿಹರೆಯದ ಮಕ್ಕಳಿಗೂ ಇದೇ ಎಚ್ಚರಿಕೆ. ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದಾಗ ಸಾಲುಸಾಲಾಗಿ ಮುಂದಕ್ಕೆ ಬಗ್ಗಿ ಬೆಚ್ಚಿದಂತೆ ಮಾಡುತ್ತಿದ್ದರೆ ‘ಹೊಟ್ಟೆನೋವು’ ಎಂದುಕೊಂಡು ದಿನ ದೂಡಬೇಡಿ. ಅದು ಇನ್‌ಫಂಟೈಲ್ ಸ್ಪಾಸಮ್ ಆಗಿರಬಹುದು. ಅದಕ್ಕೆ ಎಸಿಟಿಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದು, ಪ್ರೆಡ್ನಿಸೊಲೋನ್ ಅಥವಾ ವಿಗಾಬ್ಯಾಟ್ರಿನ್ ಎಂಬ ಬೇರೆಯದೇ ಚಿಕಿತ್ಸೆ ಇದೆ, ಅದು ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು.

ಬಾಯಿಮಾತಿನ ವಿವರಣೆಯಿಂದ ಈ ಬಗೆಗಳನ್ನು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಮಗುವನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ಮುಖ, ಕಣ್ಣು, ನಾಲ್ಕೂ ಕೈಕಾಲು ಕಾಣುವಂತೆ ವಿಡಿಯೊ ಮಾಡಲಿ. ಆ ಒಂದು ನಿಮಿಷದ ವಿಡಿಯೊ ಎಷ್ಟೋ ಸಲ ಔಷಧಿಯ ಆಯ್ಕೆಯನ್ನೇ ಬದಲಿಸುತ್ತದೆ.

ಎರಡನೆಯದು: ಮಿ.ಲೀ. ಅಲ್ಲ, ಮಿ.ಗ್ರಾಂ ನೆನಪಿಡಿ

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ವಾಲ್‌ಪ್ರೋಯೇಟ್ ಸಿರಪ್‌ನಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 200 ಮಿ.ಗ್ರಾಂ ಔಷಧಿ ಇರುತ್ತದೆ, ಅಂದರೆ 1 ಮಿ.ಲೀ.ಗೆ 40 ಮಿ.ಗ್ರಾಂ. ಲೆವೆಟಿರಾಸಿಟಾಮ್ ದ್ರಾವಣದಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. 12 ಕಿಲೋ ತೂಗುವ ಮಗುವಿಗೆ ದಿನಕ್ಕೆ ಕಿಲೋಗೆ 20 ಮಿ.ಗ್ರಾಂ ಲೆಕ್ಕದಲ್ಲಿ ವಾಲ್‌ಪ್ರೋಯೇಟ್ ಬರೆದರು ಎನ್ನಿ. ದಿನಕ್ಕೆ 240, ಹೊತ್ತಿಗೆ 120 ಮಿ.ಗ್ರಾಂ, ಅಂದರೆ 3 ಮಿ.ಲೀ. ಮುಂದೆ ವೈದ್ಯರು ಅದೇ 120 ಮಿ.ಗ್ರಾಂ ಲೆವೆಟಿರಾಸಿಟಾಮ್‌ಗೆ ಬದಲಾಯಿಸಿದರೆ ಕೊಡಬೇಕಾದದ್ದು 1.2 ಮಿ.ಲೀ. ಮಾತ್ರ. ಹಳೆಯ ಅಭ್ಯಾಸದಲ್ಲಿ 3 ಮಿ.ಲೀ. ಎಳೆದರೆ ಮಗುವಿಗೆ ಎರಡೂವರೆ ಪಟ್ಟು ಔಷಧಿ ಹೋಯಿತು. (ಲೆಕ್ಕ ಅರ್ಥವಾಗಲೆಂದು ಕೊಟ್ಟ ಉದಾಹರಣೆ ಇದು. ನಿಮ್ಮ ಮಗುವಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು.)

ಒಂದೇ ಔಷಧಿ ಎರಡು ಬಲದಲ್ಲಿ ಸಿಗುವುದೂ ಉಂಟು. ಫೆನಿಟಾಯಿನ್ 5 ಮಿ.ಲೀ.ಗೆ 30 ಮಿ.ಗ್ರಾಂ ಇರುವುದೂ ಇದೆ, 125 ಮಿ.ಗ್ರಾಂ ಇರುವುದೂ ಇದೆ. ಹಾಗಾಗಿ ಚೀಟಿಯಲ್ಲಿ ‘5 ಮಿ.ಲೀ. ಎರಡು ಹೊತ್ತು’ ಎಂದಷ್ಟೇ ಇದ್ದರೆ ಪಕ್ಕದಲ್ಲಿ ಮಿ.ಗ್ರಾಂ ಕೂಡ ಬರೆಸಿಕೊಳ್ಳಿ. ಅಂಗಡಿಯಲ್ಲಿ ಬಾಟಲಿ ಕೈಗೆ ಬಂದಾಗ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ, ಹಳೆಯ ಬಾಟಲಿಯ ಜೊತೆ ಇಟ್ಟು ನೋಡಿ. ತೂಕ ಏರಿದಂತೆ ಪ್ರಮಾಣವೂ ಏರಬೇಕು. ವರ್ಷದ ಹಿಂದೆ 10 ಕಿಲೋ ಇದ್ದಾಗ ಬರೆದದ್ದನ್ನೇ ಈಗ 14 ಕಿಲೋ ಇರುವ ಮಗುವಿಗೆ ಕೊಡುತ್ತಿದ್ದರೆ ಔಷಧಿ ಸಾಲದೆ ಬರುತ್ತದೆ.

ಮೂರನೆಯದು: ಅಳೆಯುವುದು

ಅಡುಗೆಮನೆಯ ಚಮಚ ಬೇಡವೇ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿ ಇಲ್ಲದ ಸಿರಿಂಜ್ ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. 2 ಮಿ.ಲೀ.ಗಿಂತ ಕಡಿಮೆ ಪ್ರಮಾಣಕ್ಕೆ 2 ಮಿ.ಲೀ. ಸಿರಿಂಜನ್ನೇ ತನ್ನಿ, 10 ಮಿ.ಲೀ.ಯದರಲ್ಲಿ 1.2ರ ಗೆರೆ ಹುಡುಕುವುದು ಆಗದ ಕೆಲಸ. ಗಾಳಿಗುಳ್ಳೆ ಹೊರಹೋಗುವವರೆಗೆ ತಳ್ಳಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಮಗುವನ್ನು ಮಲಗಿಸದೆ ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಿ.

ಬಾಟಲಿ ಅಲ್ಲಾಡಿಸುವುದು ಫೆನಿಟಾಯಿನ್ ವಿಷಯದಲ್ಲಿ ಮುಖ್ಯವಾದ ಕೆಲಸ. ಅದು ಕರಗಿದ ಔಷಧಿಯಲ್ಲ, ದ್ರವದಲ್ಲಿ ತೇಲುವ ಪುಡಿ. ಇಟ್ಟಲ್ಲೇ ಇದ್ದರೆ ತಳಕ್ಕೆ ಇಳಿಯುತ್ತದೆ. ಅಲ್ಲಾಡಿಸದೆ ಕೊಟ್ಟರೆ ಬಾಟಲಿಯ ಮೊದಲ ದಿನಗಳಲ್ಲಿ ತಿಳಿ ಹೋಗಿ ಫಿಟ್ಸ್ ಬರುತ್ತದೆ, ಕೊನೆಯ ದಿನಗಳಲ್ಲಿ ಗಸಿ ಹೋಗಿ ಮಗು ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ವಾಂತಿಯಾಗುತ್ತದೆ. ಇನ್ನೊಂದು ಸಂಗತಿಯೂ ಇದೆ: ಒಂದು ಮಟ್ಟ ದಾಟಿದ ಮೇಲೆ ಫೆನಿಟಾಯಿನ್ನನ್ನು ಯಕೃತ್ತು ಅಷ್ಟೇ ವೇಗದಲ್ಲಿ ಹೊರಹಾಕಲಾರದು. ಪ್ರಮಾಣ ಚೂರು ಹೆಚ್ಚಾದರೂ ರಕ್ತದಲ್ಲಿನ ಮಟ್ಟ ಒಮ್ಮೆಲೇ ಜಿಗಿಯುತ್ತದೆ. ಆ ಮಟ್ಟ ನೋಡುವ ರಕ್ತಪರೀಕ್ಷೆಗೆ ಬೆಳಗಿನ ಔಷಧಿ ಕೊಡುವ ಮೊದಲೇ ರಕ್ತ ಕೊಡಿ, ಔಷಧಿಯನ್ನು ಜೊತೆಗೊಯ್ದು ಆಮೇಲೆ ಕುಡಿಸಿ.

ಮಾತ್ರೆಗಳಲ್ಲಿ ‘ಸಿಆರ್’, ‘ಕ್ರೋನೊ’ ಎಂದಿರುವುವು ನಿಧಾನವಾಗಿ ಔಷಧಿ ಬಿಡುವಂಥವು. ಅವನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿದರೆ ಇಡೀ ಹೊತ್ತಿನ ಔಷಧಿ ಒಂದೇ ಸಲ ಇಳಿಯುತ್ತದೆ. ಮಗುವಿಗೆ ನುಂಗಲು ಬರದಿದ್ದರೆ ವೈದ್ಯರಿಗೆ ಹೇಳಿ, ಸಿರಪ್‌ಗೆ ಬದಲಾಯಿಸುತ್ತಾರೆ.

ನಾಲ್ಕನೆಯದು: ಗಡಿಯಾರ

‘ಎರಡು ಹೊತ್ತು’ ಎಂದರೆ 12 ಗಂಟೆಗೊಮ್ಮೆ. ಬೆಳಿಗ್ಗೆ 7ಕ್ಕೆ ಕೊಟ್ಟು, ಶಾಲೆಯಿಂದ ಬಂದೊಡನೆ ಸಂಜೆ 5ಕ್ಕೆ ಕೊಟ್ಟರೆ ರಾತ್ರಿ 14 ಗಂಟೆ ಖಾಲಿ ಬೀಳುತ್ತದೆ. ಬೆಳಗಿನ ಜಾವದ ಫಿಟ್ಸ್‌ಗೆ ಎಷ್ಟೋ ಸಲ ಇದೇ ಕಾರಣ. ಬೆಳಿಗ್ಗೆ 7, ರಾತ್ರಿ 7 ಎಂದು ಗಟ್ಟಿ ಮಾಡಿ ಮೊಬೈಲ್‌ನಲ್ಲಿ ಅಲಾರಾಂ ಇಡಿ.

ಒಂದು ಹೊತ್ತು ಮರೆತರೆ, ಮುಂದಿನದಕ್ಕೆ ಇನ್ನೂ ಆರು ಗಂಟೆಗಿಂತ ಹೆಚ್ಚಿದ್ದರೆ ನೆನಪಾದ ಕೂಡಲೇ ಕೊಡಿ. ಹತ್ತಿರ ಬಂದಿದ್ದರೆ ಬಿಟ್ಟು ಮುಂದಿನದನ್ನು ಮಾಮೂಲಿನಂತೆ ಕೊಡಿ. ಎರಡು ಹೊತ್ತಿನದನ್ನು ಸೇರಿಸಿ ಕೊಡಬೇಡಿ. ಕೊಟ್ಟ ಹದಿನೈದು ನಿಮಿಷದೊಳಗೆ ಪೂರ್ತಿ ವಾಂತಿಯಾದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಾಗುತ್ತದೆ. ಅರ್ಧ ಗಂಟೆ ದಾಟಿದ್ದರೆ ಬೇಡ. ಅನುಮಾನವಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಹತ್ತು ದಿನದ ಔಷಧಿ ಉಳಿದಿರುವಾಗಲೇ ಹೊಸದನ್ನು ತನ್ನಿ. ಊರಹಬ್ಬ, ಜಾತ್ರೆ, ಮದುವೆಗೆ ಹೊರಟಾಗ ಬಾಟಲಿಯನ್ನು ಡಿಕ್ಕಿಯ ಬ್ಯಾಗಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಕಣ್ಣಿಡಬೇಕಾದ ಅಡ್ಡಪರಿಣಾಮಗಳು

ಮೊದಲ ವಾರಗಳಲ್ಲಿ ಸ್ವಲ್ಪ ತೂಕಡಿಕೆ ಹೆಚ್ಚಿನ ಔಷಧಿಗಳಿಗೂ ಇದೆ, ಹೆದರಬೇಕಿಲ್ಲ. ಹೆದರಬೇಕಾದದ್ದು ಚರ್ಮದ ಮೇಲೆ ಏಳುವ ದದ್ದಿಗೆ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಕೆಂಪು ದದ್ದು, ಜ್ವರ, ಬಾಯಿಹುಣ್ಣು ಕಂಡರೆ ‘ಗೊಬ್ಬರ’ (ದಡಾರ), ‘ಅಮ್ಮ’ ಎಂದುಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಲ್‌ಪ್ರೋಯೇಟ್ ತೆಗೆದುಕೊಳ್ಳುವ ಮಗುವಿನಲ್ಲಿ ಲ್ಯಾಮೊಟ್ರಿಜಿನ್ ರಕ್ತದಲ್ಲಿ ಸರಿಸುಮಾರು ಎರಡು ಪಟ್ಟು ನಿಲ್ಲುತ್ತದೆ. ಅದಕ್ಕೇ ಲ್ಯಾಮೊಟ್ರಿಜಿನ್ ಪ್ರಮಾಣವನ್ನು ಅಷ್ಟು ನಿಧಾನವಾಗಿ ಏರಿಸುತ್ತಾರೆ. ಬೇಗ ಗುಣವಾಗಲೆಂದು ನೀವಾಗಿ ಏರಿಸಬೇಡಿ.

ವಾಲ್‌ಪ್ರೋಯೇಟ್‌ನಿಂದ ಕೂದಲು ಉದುರಬಹುದು, ತೂಕ ಏರಬಹುದು. ಅಪರೂಪಕ್ಕೆ ಯಕೃತ್ತಿಗೆ ಏಟಾಗುತ್ತದೆ, ಅದರ ಅಪಾಯ ಎರಡು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು. ಬಿಡದ ವಾಂತಿ, ಊಟ ಬೇಡವೆನ್ನುವುದು, ಮಂಕು, ಕಣ್ಣು ಹಳದಿ: ಇವು ಕಂಡರೆ ಕಾಯಬೇಡಿ. ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ವಾಲ್‌ಪ್ರೋಯೇಟ್ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಮುಂದೆ ಗರ್ಭಿಣಿಯಾದಾಗ ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿ, ಬುದ್ಧಿಬೆಳವಣಿಗೆ ಎರಡಕ್ಕೂ ಹಾನಿ ಮಾಡಬಲ್ಲದು. ಮದುವೆ ಗೊತ್ತಾದ ಮೇಲೆ ಕೇಳುವ ಪ್ರಶ್ನೆ ಅಲ್ಲ ಇದು.

ಲೆವೆಟಿರಾಸಿಟಾಮ್‌ನಿಂದ ಕೆಲವು ಮಕ್ಕಳಿಗೆ ವಿಪರೀತ ಸಿಟ್ಟು, ಹಟ ಬರುತ್ತದೆ. ಅದು ಮಗುವಿನ ತಪ್ಪಲ್ಲ, ಹೊಡೆಯಬೇಡಿ, ವೈದ್ಯರಿಗೆ ತಿಳಿಸಿ. ಟೊಪಿರಮೇಟ್ ಕೊಟ್ಟಾಗ ಬೆವರು ಕಡಿಮೆಯಾಗಬಹುದು. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಇಂಥ ಮಗುವನ್ನು ಮಧ್ಯಾಹ್ನ ಬಿಸಿಲಿಗೆ ಬಿಡಬೇಡಿ, ನೀರು ಹೆಚ್ಚು ಕುಡಿಸಿ. ಫೆನಿಟಾಯಿನ್ ಕುಡಿಯುವ ಮಗುವಿನ ವಸಡು ಊದಬಹುದು, ಎರಡು ಹೊತ್ತೂ ಹಲ್ಲುಜ್ಜಿಸಿ.

ಜ್ವರ, ಕೆಮ್ಮಿಗೆ ಬೇರೆ ವೈದ್ಯರ ಬಳಿ ಹೋದಾಗ ಫಿಟ್ಸ್ ಔಷಧಿಯ ಚೀಟಿಯನ್ನು ತೋರಿಸಿ. ಕಾರ್ಬಮಜೆಪಿನ್ ಕುಡಿಯುವ ಮಗುವಿಗೆ ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಕಾರ್ಬಮಜೆಪಿನ್ ಮೈಯಲ್ಲಿ ಕೂಡಿಕೊಂಡು ತಲೆಸುತ್ತು, ವಾಂತಿ ಶುರುವಾಗಬಹುದು. ಪ್ಯಾರಾಸಿಟಮಾಲ್ ತೊಂದರೆಯಿಲ್ಲ. ನೆಗಡಿಗೆಂದು ಕರ್ಪೂರ, ನೀಲಗಿರಿ ಎಣ್ಣೆ ಇರುವ ಮುಲಾಮು ಹಚ್ಚುವುದನ್ನು ಬಿಡಿ. ಇವೆರಡೂ ಫಿಟ್ಸ್ ಕೆರಳಿಸಬಲ್ಲವು.

ಬಿಸಿನೀರ ಸ್ನಾನದ ಫಿಟ್ಸ್

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಬಗೆ ಇದು. ಹಂಡೆಯ ಬಿಸಿನೀರನ್ನು ತಂಬಿಗೆಯಲ್ಲಿ ಒಂದೇ ಸಮ ತಲೆಗೆ ಹೊಯ್ಯುವಾಗ ಮಗು ಮಂಕಾಗಿ, ಮಾತು ತಪ್ಪಿ, ಬೀಳುತ್ತದೆ. ಬೆಂಗಳೂರಿನ ವೈದ್ಯರು ಇದನ್ನು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಮೊದಲ ಮದ್ದು ನೀರೇ: ಉಗುರುಬೆಚ್ಚಗಿರಲಿ, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅದೂ ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ 5 ಅಥವಾ 10 ಮಿ.ಗ್ರಾಂ ಮಾತ್ರೆ ಬರೆಯುತ್ತಾರೆ. ಸ್ನಾನದ ಹೊತ್ತಿನಲ್ಲಿ ಮಾತ್ರ ಫಿಟ್ಸ್ ಬರುವ ಹಲವು ಮಕ್ಕಳಿಗೆ ದಿನಾ ಔಷಧಿ ಬೇಕಾಗುವುದಿಲ್ಲ. ದೀಪಾವಳಿಯ ಎಣ್ಣೆಸ್ನಾನದ ದಿನ ಬೆಳಗಿನ ಜಾವವೇ ನೀರು ಹೊಯ್ಯುವುದಿದ್ದರೆ ಮಾತ್ರೆಯ ಹೊತ್ತನ್ನು ಲೆಕ್ಕಹಾಕಿ, ಇಲ್ಲವೇ ಸ್ನಾನವನ್ನೇ ಮುಂದೂಡಿ.

ಫಿಟ್ಸ್ ಬಂದಾಗ: ಮೂಗಿನ ಸ್ಪ್ರೇ

ಮಗುವನ್ನು ಎಡಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ, ಸಮಯ ಮಾತ್ರ ಹೋಗುತ್ತದೆ. ಐದು ನಿಮಿಷವಾದರೂ ನಿಲ್ಲದಿದ್ದರೆ ಮಿಡಜೊಲಾಮ್ ಮೂಗಿನ ಸ್ಪ್ರೇ ಹಾಕಿ. ಸಾಮಾನ್ಯ ಪ್ರಮಾಣ ಕಿಲೋಗೆ 0.2 ಮಿ.ಗ್ರಾಂ. ಒಂದು ಸಲ ಒತ್ತಿದರೆ 0.5 ಮಿ.ಗ್ರಾಂ ಬರುವ ಸ್ಪ್ರೇಗಳೂ ಇವೆ, 1.25 ಬರುವವೂ ಇವೆ. ಹಾಗಾಗಿ ನಿಮ್ಮ ಮಗುವಿಗೆ ಎಷ್ಟು ಸಲ ಒತ್ತಬೇಕು ಎಂದು ವೈದ್ಯರಿಂದ ಬರೆಸಿ ಸ್ಪ್ರೇ ಬಾಟಲಿಗೇ ಅಂಟಿಸಿಡಿ. ಹೊಸ ಬಾಟಲಿಯನ್ನು ತಂದ ದಿನವೇ ಗಾಳಿಯಲ್ಲಿ ಒತ್ತಿ, ಸಣ್ಣ ಹನಿಯಂತೆ ಚಿಮ್ಮುತ್ತದೆಯೇ ನೋಡಿ. ಎರಡೂ ಹೊಳ್ಳೆಗೆ ಹಂಚಿ ಹಾಕಿ, 108ಕ್ಕೆ ಕರೆ ಮಾಡಿ, ಉಸಿರಾಟ ನೋಡುತ್ತಿರಿ. ಶಾಲೆಯಲ್ಲೂ ಒಂದು ಇರಲಿ, ಟೀಚರ್‌ಗೆ ಬಳಸುವುದನ್ನು ತೋರಿಸಿಕೊಡಿ.

ನಿಲ್ಲಿಸುವುದು

ಬಹುತೇಕ ಮಕ್ಕಳಿಗೆ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ ಔಷಧಿ ನಿಲ್ಲಿಸುವ ಮಾತು ಬರುತ್ತದೆ. ಹದಿಹರೆಯದ ಕೈ ಝಾಡಿಸುವ ಬಗೆಯಲ್ಲಿ ಹೆಚ್ಚು ಕಾಲ ಬೇಕು. ಔಷಧಿಯನ್ನು, ಅದರಲ್ಲೂ ಫಿನೊಬಾರ್ಬಿಟೋನ್ ಮತ್ತು ಕ್ಲೋಬಜಾಮ್‌ ಅನ್ನು, ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಮಗು ಐಸಿಯು ಸೇರಬಹುದು. ವೈದ್ಯರು ಹಂತಹಂತವಾಗಿ, ತಿಂಗಳುಗಟ್ಟಲೆ ಇಳಿಸುತ್ತಾರೆ. ಯಾವ ತಾರೀಖಿನಿಂದ ಎಷ್ಟು ಮಿ.ಲೀ. ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಸಾಲುಸಾಲು ಪರೀಕ್ಷೆ, ನಿದ್ದೆಗೆಡುವ ಹಬ್ಬಗಳಿರುವ ತಿಂಗಳಲ್ಲಿ ಇಳಿಸುವುದು ಬೇಡ ಎಂದು ನೀವೇ ಕೇಳಬಹುದು. ಔಷಧಿ ನಿಂತ ಮೇಲೂ ಮೊದಲ ವರ್ಷ ಮೂಗಿನ ಸ್ಪ್ರೇ ಮನೆಯಲ್ಲಿರಲಿ. ಆಗಾಗ ಅದರ ಅವಧಿ ಮುಗಿಯುವ ದಿನಾಂಕ ನೋಡಿ, ಆಗ ಮಗುವನ್ನು ತೂಗಿ, ತೂಕ ಏರಿದ್ದರೆ ಎಷ್ಟು ಸಲ ಒತ್ತಬೇಕೆಂದು ಹೊಸದಾಗಿ ಬರೆಸಿ ಅಂಟಿಸಿ.