ಘಟ್ಟದ ಹಳ್ಳದಿಂದ ಸೋಮೇಶ್ವರದ ಬಂಡೆವರೆಗೆ: ಮಕ್ಕಳನ್ನ ಕಡಲು ನೋಡೋಕೆ ಕರ್ಕೊಂಡು ಹೋಗಿದ್ದು

ನಾನು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಕಡೆ ಒಂದು ಸರ್ಕಾರಿ ಶಾಲೇಲಿ ಆರು ಏಳನೇ ಕ್ಲಾಸಿಗೆ ವಿಜ್ಞಾನ ಹೇಳ್ಕೊಡ್ತೀನಿ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಕಾಫಿ ತೋಟದ ಲೈನ್ ಮನೆಯವರು, ಘಟ್ಟ ಇಳಿದ್ರೆ ಮೂರ್ನಾಲ್ಕು ಗಂಟೇಲಿ ಸಮುದ್ರ ಸಿಗುತ್ತೆ, ಆದ್ರೂ ನೋಡಿದವರು ಕೈಬೆರಳಲ್ಲಿ ಎಣಿಸೋಷ್ಟು ಜನ.

ಮೊದಲನೇ ಸಲ ಹೋದಾಗ ನಾನು ಎಲ್ಲಾ ತಪ್ಪು ಮಾಡಿದ್ದೆ. ನಾವು ಬೀಚಿಗೆ ಮುಟ್ಟೋ ಹೊತ್ತಿಗೆ ಪೂರ್ತಿ ಉಬ್ಬರ, ಬಂಡೆ ಎಲ್ಲಾ ನೀರೊಳಗೆ, ಮಕ್ಕಳು ಅಲೆ ನೋಡಿ ಕಿರುಚಿ ಚುರುಮುರಿ ತಿಂದು ವಾಪಸ್ ಬಂದ್ರು. ಒಂದು ಜೀವೀನೂ ನೋಡ್ಲಿಲ್ಲ. ಅದು ನನಗೆ ತುಂಬಾ ದಿನ ಕೊರೀತಾ ಇತ್ತು.

ಎರಡನೇ ಸಲ ಕ್ಯಾಲೆಂಡರ್ ಹಿಡ್ಕೊಂಡು ಕೂತೆ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಆದ್ರೆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಜಾಸ್ತಿ ಹಿಂದಕ್ಕೆ ಸರಿಯುತ್ತೆ. ಮಂಗಳೂರಲ್ಲಿ ಪರಿಚಯದ ಮೀನುಗಾರರೊಬ್ಬರಿಗೆ ಫೋನ್ ಮಾಡಿ ಕೇಳಿ ಅಮಾವಾಸ್ಯೆಗೆ ಎರಡು ದಿನ ಮುಂಚಿನ ತಾರೀಖು ಗೊತ್ತು ಮಾಡಿದೆ, ಅವತ್ತು ಮಧ್ಯಾಹ್ನ ಮೂರೂವರೆ ಹೊತ್ತಿಗೆ ಪೂರ್ತಿ ಇಳಿತ ಅಂದ್ರು. ಪೋಷಕರನ್ನ ಒಪ್ಪಿಸೋದೇ ಕಷ್ಟ ಆಯ್ತು, 2024ರ ಡಿಸೆಂಬರಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಮಕ್ಕಳು ನೀರುಪಾಲಾದ ಸುದ್ದಿ ಎಲ್ಲರ ತಲೇಲೂ ಇತ್ತು, ಇರಲೇಬೇಕು ಕೂಡ. ಆರು ಮಕ್ಕಳಿಗೆ ಒಬ್ಬರು ದೊಡ್ಡವರು, ಯಾರೂ ಪಾದ ಮುಳುಗೋದಕ್ಕಿಂತ ಮುಂದೆ ಹೋಗಂಗಿಲ್ಲ, ನೀರು ತಿರುಗಿದ ತಕ್ಷಣ ಬಂಡೆ ಬಿಡೋದು, ಚಪ್ಪಲಿ ಬೇಡ ಶೂನೇ ಬೇಕು ಅಂತ ಸಭೇಲಿ ಹೇಳ್ದೆ, ಮೂರು ಜನ ಅಪ್ಪಂದಿರನ್ನೂ ಜೊತೇಲೇ ಕರ್ಕೊಂಡೆ.

ಬೆಳಗ್ಗೆ ಐದಕ್ಕೆ ಹೊರಟ್ವಿ. ಈ ಸಲ ಪಾಠ ಬೀಚಲ್ಲಿ ಶುರು ಮಾಡ್ಲಿಲ್ಲ, ಬೆಳಕು ಹರೀತಿದ್ದಂಗೆ ಚಾರ್ಮಾಡಿ ಘಾಟಿಲೇ ಬಸ್ ನಿಲ್ಲಿಸಿದೆ. ನಮ್ಮ ತಾಲ್ಲೂಕಿನ ಜಾವಳಿ ಹತ್ರ ಹುಟ್ಟೋ ಹೇಮಾವತಿ ಗೊರೂರು ದಾಟಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗ್ತಾಳೆ, ಆದ್ರೆ ಘಟ್ಟದ ಈ ಕಡೆ ಬಿದ್ದ ಮಳೆ ಮೃತ್ಯುಂಜಯ ಹೊಳೆ, ನೇತ್ರಾವತಿ ಮೂಲಕ ಅರಬ್ಬಿ ಸಮುದ್ರಕ್ಕೆ. ಒಂದೇ ತಾಲ್ಲೂಕು, ಎರಡು ಸಮುದ್ರ. ಒಂದು ಹಳ್ಳದಿಂದ ಬಾಟಲಿಗೆ ನೀರು ತುಂಬಿಸ್ಕೊಂಡು, ರಸ್ತೆ ಪಕ್ಕ ನೂರು ಹೆಜ್ಜೇಲಿ ಏನೇನು ಕಸ ಬಿದ್ದಿದೆ ಅಂತ ಪಟ್ಟಿ ಮಾಡಿದ್ರು. ಚಿಪ್ಸ್ ಕವರ್, ಗುಟ್ಕಾ ಪ್ಯಾಕೆಟ್, ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ. ಪಟ್ಟಿ ಜೋಪಾನವಾಗಿ ಇಟ್ಕೊಳ್ಳಿ, ಸಂಜೆ ಬೇಕು ಅಂದೆ.

ಮಂಗಳೂರು ದಕ್ಕೆ, ಅಂದ್ರೆ ದೋಣಿಗಳು ಮೀನು ಇಳಿಸೋ ಬಂದರು, ಮಕ್ಕಳಿಗೆ ಕಡಲಿಗಿಂತ ಹತ್ರ ಅನ್ನಿಸ್ತು, ಯಾಕಂದ್ರೆ ಬಂಗುಡೆ, ಭೂತಾಯಿ ಮೀನು ನಮ್ಮೂರಿಗೂ ಬರುತ್ತೆ, ಮೀನಿನವರು ಬೈಕಲ್ಲಿ ಹಾರ್ನ್ ಹೊಡ್ಕೊಂಡು ಬರ್ತಾರಲ್ಲ. ಮಳೆಗಾಲದಲ್ಲಿ ಅವರು ಯಾಕೆ ಸರಿಯಾಗಿ ಬರಲ್ಲ ಅಂತ ಕೇಳ್ದೆ. ಮಳೆ ಜೋರು ಅದಕ್ಕೆ ಅಂದ್ರು. ಅದೂ ಹೌದು, ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳೀಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ತುಂಬಾ ಮೀನು ಮೊಟ್ಟೆ ಇಟ್ಟು ಮರಿ ಬೆಳೆಯೋ ಕಾಲ ಅದು ಅಂತ ಹೇಳ್ದೆ. ಮೀನು ವಿಂಗಡಿಸ್ತಿದ್ದ ಒಬ್ರು ಅಮ್ಮ ಬುಟ್ಟಿಯಿಂದ ಗೇಣಿಗಿಂತ ಎಷ್ಟೋ ಚಿಕ್ಕದಿರೋ ಬಂಗುಡೆ ಎತ್ತಿ ತೋರ್ಸಿ, "ಇದು ಮರಿ ಟೀಚರೇ, ಇದನ್ನೆಲ್ಲ ಹಿಡಿದ್ರೆ ಬರುವ ವರ್ಷ ನಮಗೆ ಎಂತ ಉಂಟು?" ಅಂದ್ರು. ಪಕ್ಕದ ಕೇರಳದಲ್ಲಿ ಬಂಗುಡೆ 14 ಸೆಂಮೀ, ಭೂತಾಯಿ 10 ಸೆಂಮೀಗಿಂತ ಚಿಕ್ಕದು ಹಿಡೀಬಾರ್ದು ಅಂತ ನಿಯಮ ಇದೆ ಅಂತ ಹೇಳಿದ್ದೇ ತಡ, ಜಾಮೆಟ್ರಿ ಬಾಕ್ಸಿಂದ ಸ್ಕೇಲ್ ಹೊರಗೆ ಬಂತು, ಅವರೂ ಬೇಜಾರಿಲ್ಲದೆ ಒಂದೊಂದೇ ಮೀನು ಅಳೆಯೋಕೆ ಕೊಟ್ರು. ಆ ಹದಿನೈದು ನಿಮಿಷ ನಾನು ಬಾಯೇ ಬಿಡ್ಲಿಲ್ಲ.

ಊಟ ಮುಗ್ಸಿ ತೊಕ್ಕೊಟ್ಟು ಕಡೆ ಹೊರಟು ನೇತ್ರಾವತಿ ಸೇತುವೆ ದಾಟುವಾಗ, ಬೆಳಗ್ಗೆ ನೀವು ಬಾಟಲಿ ತುಂಬಿಸಿದ ಹಳ್ಳದ ನೀರು ಬಂದು ಸೇರೋ ಹೊಳೆ ಇದೇ ಅಂದೆ. ಬಸ್ಸೆಲ್ಲಾ ಒಂದೇ ಕಿಟಕಿಗೆ ಬಂತು.

ಸೋಮೇಶ್ವರ ಬೀಚಲ್ಲಿ ಮೊದಲು ಮರಳು. ಉಬ್ಬರದ ನೀರು ಬಂದು ಕಸ ಬಿಟ್ಟುಹೋದ ಗೆರೆ ಹಿಡಿದು ಮತ್ತೆ ನೂರು ಹೆಜ್ಜೆ, ಮತ್ತೆ ಪಟ್ಟಿ. ಬಲೆ ಚೂರು, ಥರ್ಮಾಕೋಲ್, ಒಂಟಿ ಚಪ್ಪಲಿ ಹೊಸದಾಗಿ ಸೇರಿದ್ವು, ಉಳಿದಿದ್ದು ಬೆಳಗ್ಗೆ ಘಾಟಿಲಿ ಬರ್ಕೊಂಡಿದ್ದೇ. ಚಾರ್ಮಾಡೀಲಿ ಎಸೆದ ಕವರ್ರೇ ಅಲ್ಲಿಗೆ ಬಂತು ಅಂತ ಹೇಳೋಕಾಗಲ್ಲ, ಅದನ್ನ ಮಕ್ಕಳಿಗೂ ಹೇಳ್ದೆ, ಆದ್ರೆ ದಾರಿಯಂತೂ ಅವರೇ ಕಣ್ಣಾರೆ ನೋಡಿದ್ರು. 2024ರಲ್ಲಿ ಮಂಗಳೂರು ಹತ್ರದ ಸಸಿಹಿತ್ಲಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಟ್ಟಿದ್ದನ್ನೂ, ಕಡಲಾಮೆಗಳು ತೇಲೋ ಪ್ಲಾಸ್ಟಿಕ್ ಕವರನ್ನ ಜೆಲ್ಲಿಫಿಶ್ ಅಂದ್ಕೊಂಡು ನುಂಗೋದನ್ನೂ ಅಲ್ಲೇ ಹೇಳ್ದೆ. ಕ್ಲಾಸಲ್ಲಿ ಇದೇ ಮಾತು ಹೇಳಿದಾಗ ಯಾರೂ ಏನೂ ಕೇಳಿರ್ಲಿಲ್ಲ. ಇಲ್ಲಿ ಕವರ್ ಕೈಲಿ ಹಿಡ್ಕೊಂಡೇ, ನುಂಗಿದ್ಮೇಲೆ ಅದು ಹೊಟ್ಟೇಲಿ ಕರಗಲ್ವಾ ಮಿಸ್, ಬೇರೆ ಏನು ತಿನ್ನುತ್ತೆ ಅಂತ ಬಿಡದೆ ಕೇಳಿದ್ರು.

ಆಮೇಲೆ ಬಂಡೆ. ಇಳಿತದಲ್ಲಿ ಬಂಡೆ ಗುಂಡಿಗಳಲ್ಲಿ ನೀರು ನಿಂತಿರುತ್ತಲ್ಲ, ಒಂದೊಂದು ಗುಂಡಿಗೆ ಆರು ಮಕ್ಕಳು, ಹತ್ತು ನಿಮಿಷ ಮಾತಾಡದೆ ಕೂತು ನೋಡ್ಬೇಕು. ಮೊದಲ ಎರಡು ನಿಮಿಷ ಏನೂ ಇಲ್ಲ ಮಿಸ್ ಅಂತಾರೆ. ಆಮೇಲೆ ಬೆರಳುದ್ದ ಮೀನು, ಓಡೋ ಏಡಿ, ಹೂವಿನ ಥರ ಅರಳಿರೋ ಸೀ ಅನಿಮೋನ್ ಅನ್ನೋ ಜೀವಿ, ಅದು ಏನಾದ್ರೂ ತಾಗಿದ್ರೆ ಮುದುಡ್ಕೊಳ್ಳೋದು ಕಾಣ್ಸುತ್ತೆ. ಬಂಡೆಗೆ ಅಂಟಿರೋ ಬಾರ್ನಕಲ್‌ಗಳನ್ನ ಮಕ್ಕಳು ಸಿಮೆಂಟ್ ಚುಕ್ಕೆ ಅಂದ್ಕೊಂಡಿದ್ರು. ನೀರಲ್ಲಿ ಮುಳುಗಿರೋ ಕಡೆ ತೋರ್ಸ್ದೆ, ಬಾಯಿ ತೆಗೆದು ಪುಕ್ಕದಂಥ ಕಾಲು ಆಡಿಸ್ತಾ ಇದ್ವು, ಆಹಾರ ಸೋಸಿ ತಿನ್ನೋದೇ ಹಾಗೆ, ಅದು ಏಡಿ ಸಿಗಡಿ ಕುಟುಂಬದ್ದು ಅಂದಾಗ ಒಬ್ಬರೂ ನಂಬ್ಲಿಲ್ಲ. ನಾಲ್ಕೂವರೆಗೆ ಬಂಡೆ ಬಿಟ್ವಿ, ಇನ್ನೂ ಸ್ವಲ್ಪ ಹೊತ್ತು ಅಂತ ಎಷ್ಟು ಗೋಗರೆದ್ರೂ ಬಿಡ್ಲಿಲ್ಲ.

ಒಂದು ವಿಷಯ ಈಗ್ಲೂ ನೋವಾಗುತ್ತೆ. ರಾತ್ರಿ ಊರಿಗೆ ಬಂದು ನೋಡಿದ್ರೆ ಒಬ್ಬ ಹುಡುಗನ ಬಾಟಲೀಲಿ ಚಂದದ ಶಂಖ, ಅದರೊಳಗೆ ಸನ್ಯಾಸಿ ಏಡಿ, ಸತ್ತೋಗಿತ್ತು. ಅವನು ಖಾಲಿ ಶಂಖ ಅಂದ್ಕೊಂಡು ತಂದಿದ್ದ, ತುಂಬಾ ಅತ್ತ. ಖಾಲಿ ಶಂಖವೂ ಇನ್ನೊಂದು ಏಡಿಗೆ ಮನೆ, ಏನನ್ನೂ ತರಬೇಡಿ ಅಂತ ನಾನು ಮೊದಲೇ ಹೇಳ್ಬೇಕಿತ್ತು. ಈಗ ಬಸ್ ಹತ್ತೋ ಮುಂಚೆ ಜೇಬು, ಬಾಟಲಿ ಎಲ್ಲಾ ನೋಡ್ತೀನಿ.

ಮರುದಿನ ಬಿಸಿಯೂಟದ ಅಡುಗೆಮನೇಲಿ ಹಳ್ಳದ ನೀರು, ಸಮುದ್ರದಿಂದ ತಂದಿದ್ದ ನೀರು ಎರಡನ್ನೂ ಬಟ್ಟೇಲಿ ಸೋಸಿ ಬೇರೆ ಬೇರೆ ಪಾತ್ರೇಲಿ ಬತ್ತಿಸಿದ್ವಿ. ಹಳ್ಳದ ನೀರಿನ ಪಾತ್ರೇಲಿ ತೆಳ್ಳಗೆ ಕಲೆ ಅಷ್ಟೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ ಅಂತ ಪಾಠದಲ್ಲಿ ಓದಿದ್ದು ತಳದಲ್ಲಿ ಬೆಳ್ಳಗೆ ಕೂತಿತ್ತು. ಅದನ್ನ ಗಾಜಿನ ಬಾಟಲಿಗೆ ಹಾಕಿ ಕಿಟಕೀಲಿ ಇಟ್ಟಿದ್ವಿ. ಜೂನಲ್ಲಿ ಮಳೆ ಹಿಡಿದಾಗ ಅದು ಒದ್ದೆ ಆಗಿ ನೀರು ಬಿಡೋಕೆ ಶುರು ಆಯ್ತು, ಸಮುದ್ರದ ಉಪ್ಪಲ್ಲಿರೋ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಮಿಸ್, ಉಪ್ಪು ಮತ್ತೆ ಸಮುದ್ರ ಆಗ್ತಿದೆ ಅಂತ ಮೊದಲು ಓಡಿ ಬಂದು ಹೇಳಿದ್ದು ಆ ಶಂಖದ ಹುಡುಗನೇ.